ಹಾಲಿನ ತೂಕದಿಂದ ಲೀಟರು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಕಿಲೋದಲ್ಲಿ ತೂಗಿದ ಹಾಲನ್ನು ಅದರ ಸಾಂದ್ರತೆಯಿಂದ ಭಾಗಿಸಿ ಲೀಟರಿಗೆ ತರುವ ಲೆಕ್ಕವಿದು. ಹಾಲು ನೀರಿಗಿಂತ ಭಾರ. ಹಾಗಾಗಿ ಒಂದು ಕಿಲೋ ಹಾಲು ಒಂದು ಲೀಟರು ತುಂಬುವುದಿಲ್ಲ. ಹಸುವಿನ ಹಾಲು ಲೀಟರಿಗೆ ಸಾಮಾನ್ಯವಾಗಿ 1.028ರಿಂದ 1.030 ಕಿಲೋ ತೂಗುತ್ತದೆ, ಎಮ್ಮೆಯ ಹಾಲು ತುಸು ಹೆಚ್ಚು. 10 ಕಿಲೋವನ್ನು 1.028ರಿಂದ ಭಾಗಿಸಿದರೆ 9.728 ಲೀಟರು, 1.030ರಿಂದ ಭಾಗಿಸಿದರೆ 9.709. ಭಾಗಿಸುವುದನ್ನೇ ಮರೆತು 10 ಲೀಟರೆಂದು ಬರೆದರೆ ಕಾಲು ಲೀಟರಿಗೂ ಮಿಕ್ಕಿ ತಪ್ಪುತ್ತದೆ.

ಪ್ರದೇಶ. ತುಂಗಾ, ಭದ್ರಾ ಹರಿಯುವ ಈ ಮಲೆನಾಡಿನಲ್ಲಿ ಕೊಟ್ಟಿಗೆಯ ಹಸು ಹಾಲಿಗೆಷ್ಟು ಬೇಕೋ ಅಡಿಕೆ ತೋಟದ ಗೊಬ್ಬರಕ್ಕೂ ಅಷ್ಟೇ ಬೇಕಾಗಿತ್ತು. ಮಲೆನಾಡು ಗಿಡ್ಡ ತಳಿಯ ಹಸು ಕೊಡುವ ಹಾಲು ಕಡಿಮೆ. ಪಾವು, ಸೇರುಗಳೇ ಅದಕ್ಕೆ ಸಾಕಿದ್ದವು. 1956ರ ತೂಕ ಮತ್ತು ಅಳತೆ ಕಾಯಿದೆಯ ನಂತರ ಮೆಟ್ರಿಕ್ ಅಳತೆ ಬಂತು. ಚಿಕ್ಕಮಗಳೂರು ಜಿಲ್ಲೆಯ ಹಾಲು ಸಹಕಾರ ಸಂಘಗಳು ಹಾಸನ ಕೇಂದ್ರವಾದ ಒಕ್ಕೂಟದಡಿ ಬೆಳೆದವು. ತಕ್ಕಡಿ ಕಿಲೋ ತೋರಿಸಿದರೂ ಸರ್ಕಾರದ ಪ್ರೋತ್ಸಾಹಧನ ಲೀಟರಿನ ಮೇಲೆ ನಿಗದಿಯಾಗುವುದರಿಂದ ಡೈರಿಗೆ ಹಾಲು ಹಾಕುವವರಿಗೆ ಈ ಪರಿವರ್ತನೆ ಇಂದಿಗೂ ಮುಖ್ಯ.

ಸಾಂದ್ರತೆ ಎಲ್ಲಿಂದ ಬರುತ್ತದೆ. ಹಾಲಿನ ಜಿಡ್ಡು ನೀರಿಗಿಂತ ಹಗುರ, ಸಾಂದ್ರತೆ ಸುಮಾರು 0.93. ಸಕ್ಕರೆ, ಪ್ರೋಟೀನು, ಲವಣ ಸೇರಿದ ಜಿಡ್ಡೇತರ ಘನಾಂಶದ್ದು ಸುಮಾರು 1.608. 100 ಕಿಲೋ ಹಾಲಿನಲ್ಲಿ 4 ಕಿಲೋ ಜಿಡ್ಡು, 8.5 ಕಿಲೋ ಜಿಡ್ಡೇತರ ಘನಾಂಶ, 87.5 ಕಿಲೋ ನೀರು ಇವೆಯೆನ್ನಿ. ಒಂದೊಂದನ್ನೂ ಅದರದರ ಸಾಂದ್ರತೆಯಿಂದ ಭಾಗಿಸಿದರೆ 4.30, 5.29, 87.50, ಒಟ್ಟು 97.09 ಲೀಟರು. 100ನ್ನು ಇದರಿಂದ ಭಾಗಿಸಿದರೆ ಸಾಂದ್ರತೆ 1.030.

ಕೆನೆಯನ್ನು ಪೂರ್ತಿ ತೆಗೆದರೆ ಹಗುರದ ಭಾಗ ಹೋಗಿ ಉಳಿದ ಹಾಲು 1.035ರ ಹತ್ತಿರಕ್ಕೆ ಏರುತ್ತದೆ. ಅಂಥ 100 ಕಿಲೋಗೆ 15 ಕಿಲೋ ನೀರು ಬೆರೆಸಿದರೆ ಸಾಂದ್ರತೆ ಮತ್ತೆ 1.030! ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರಿನ 'ಡಿಗ್ರಿ' ನೋಡಿ ಮಾತ್ರ ಹಾಲು ಒಳ್ಳೆಯದೆನ್ನಲಾಗದು, ಜಿಡ್ಡಿನ ಪರೀಕ್ಷೆಯೂ ಜೊತೆಗಿರಬೇಕು ಎನ್ನುವುದು ಇದಕ್ಕೇ. ರೈತನಿಗೂ ಇದು ರಕ್ಷೆ: ಜಿಡ್ಡು ಹೆಚ್ಚಿರುವ ಅಪ್ಪಟ ಹಾಲಿನಲ್ಲೂ ಡಿಗ್ರಿ ಕೊಂಚ ಇಳಿಯಬಹುದು, ಅದರಿಂದಲೇ ನೀರು ಬೆರೆತಿದೆಯೆಂದು ಶಂಕಿಸುವುದು ನ್ಯಾಯವಲ್ಲ.

ಓದುವ ಕ್ರಮ. ಡಿಗ್ರಿ 28 ಎಂದರೆ ಸಾಂದ್ರತೆ 1.028. ನಮ್ಮಲ್ಲಿ ಬಳಕೆಯಲ್ಲಿರುವ ಲ್ಯಾಕ್ಟೋಮೀಟರುಗಳಲ್ಲಿ 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದವೂ ಇವೆ. ಅವುಗಳಲ್ಲಿ ಪ್ರತಿ ಸೆಲ್ಸಿಯಸ್ ಡಿಗ್ರಿ ಇಳಿಕೆಗೆ ಸುಮಾರು 0.2 ಕಳೆಯಬೇಕು, ಏರಿಕೆಗೆ ಅಷ್ಟೇ ಕೂಡಿಸಬೇಕು. ಮಾಗಿಯ ಬೆಳಗಿನಲ್ಲಿ 20 ಡಿಗ್ರಿಗೆ ತಣಿದ ಹಾಲು 29 ತೋರಿಸಿದರೆ ಸರಿಯಾದ ಓದು 27.6.

ಆಗಷ್ಟೇ ಕರೆದ ನೊರೆಹಾಲಿನಲ್ಲಿ ಗಾಳಿ ತುಂಬಿರುತ್ತದೆ, ಜಿಡ್ಡು ಇನ್ನೂ ದ್ರವವಾಗಿರುತ್ತದೆ. ಕೆಲವು ಗಂಟೆ ಕಳೆದ ಮೇಲೆ ಅದೇ ಹಾಲಿನ ಸಾಂದ್ರತೆ ಸ್ವಲ್ಪ ಏರುತ್ತದೆ. ಇದಕ್ಕೆ ರೆಕ್ನಾಗೆಲ್ ಪರಿಣಾಮ ಎನ್ನುತ್ತಾರೆ. ಪಾವಿನಲ್ಲಿ ಅಳೆದರೆ ನೊರೆಯೂ ಹಾಲಿನ ಲೆಕ್ಕಕ್ಕೆ ಸೇರುತ್ತದೆ. ತಕ್ಕಡಿಗೆ ಹಾಕಿದರೆ ನೊರೆ ಆರುವವರೆಗೆ ಕಾಯಬೇಕಾಗಿಲ್ಲ.