ಶರಾವತಿ ಕಣಿವೆಯ ಸೈಕಲ್ ಮಾರ್ಗಗಳು

ಶರಾವತಿ ಕಣಿವೆಯ ಸೈಕಲ್ ಮಾರ್ಗಗಳು ಎಂಬ ಹೆಸರಿನಲ್ಲಿ ಇಲ್ಲಿ ವಿವರಿಸಿರುವುದು, ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪಟ್ಟಣಗಳಿಂದ ಹೊರಟು ಶರಾವತಿ ಹಾಗೂ ಅದರ ನೆರೆಯ ನದಿಗಳ ಕಣಿವೆಗಳ ಮೂಲಕ ಪಶ್ಚಿಮ ಘಟ್ಟವನ್ನು ಏರುವ ಡಾಂಬರು ರಸ್ತೆಗಳನ್ನು. ಇವು ಸೈಕಲ್‌ಗೆಂದೇ ನಿರ್ಮಿಸಿದ ಪಥಗಳಲ್ಲ. ಬಸ್ಸು, ಲಾರಿ ಮತ್ತು ಇತರ ವಾಹನಗಳೊಡನೆ ಹಂಚಿಕೊಳ್ಳಬೇಕಾದ ಸಾರ್ವಜನಿಕ ರಸ್ತೆಗಳು. ಇವುಗಳಲ್ಲಿ ಮುಖ್ಯವಾದುದು ಹೊನ್ನಾವರದಿಂದ ಗೇರುಸೊಪ್ಪದ ಮೂಲಕ ಜೋಗ ಜಲಪಾತಕ್ಕೆ ಹೋಗುವ ಮಾರ್ಗ. ಘಟ್ಟದ ಭಾಗದಲ್ಲಿ ಈ ರಸ್ತೆಗಳು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಒಳಗೆ ಅಥವಾ ಅದರ ಆಸುಪಾಸಿನ ಕಾಡುಗಳಲ್ಲಿ ಸಾಗುತ್ತವೆ.

ಭೌಗೋಳಿಕ ಹಿನ್ನೆಲೆ

ಶರಾವತಿ ನದಿಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿ.ಮೀ. ಹರಿದು ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜೋಗದಲ್ಲಿ ಅದು 253 ಮೀಟರ್ ಎತ್ತರದಿಂದ ಧುಮುಕುತ್ತದೆ. ಜಲಪಾತದ ಮೇಲ್ಭಾಗದಲ್ಲಿರುವ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದರ ಗರಿಷ್ಠ ಜಲಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ, ಅಂದರೆ ಸುಮಾರು 554 ಮೀಟರ್. ಘಟ್ಟದ ಬುಡದಲ್ಲಿರುವ ಗೇರುಸೊಪ್ಪ ಜಲಾಶಯದ ಜಲಮಟ್ಟವಾದರೋ ಸುಮಾರು 55 ಮೀಟರ್ ಮಾತ್ರ.

ಈ ಎರಡು ಸಂಖ್ಯೆಗಳ ಅಂತರವೇ ಇಲ್ಲಿನ ಸೈಕಲ್ ಸವಾರಿಯ ಸ್ವರೂಪವನ್ನು ನಿರ್ಧರಿಸುತ್ತದೆ. ಸಮುದ್ರದಿಂದ ಘಟ್ಟದ ಬುಡದವರೆಗೆ ನದಿಯ ದಡ ಬಹುಮಟ್ಟಿಗೆ ಸಮತಟ್ಟಾಗಿದೆ. ಆ ನಂತರ ಸುಮಾರು 500 ಮೀಟರ್‌ಗಳ ಏರಿಕೆ ಒಂದೇ ಘಟ್ಟದಲ್ಲಿ ಬರುತ್ತದೆ. ಮೇಲೆ ತಲುಪಿದ ಮೇಲೆ ರಸ್ತೆ ಮಲೆನಾಡಿನ ಸಣ್ಣ ಸಣ್ಣ ಏರಿಳಿತಗಳಿಗೆ ತಿರುಗುತ್ತದೆ. ಕುಮಟಾ ಮತ್ತು ಭಟ್ಕಳದ ಕಡೆಯ ಮಾರ್ಗಗಳಿಗೂ ಇದೇ ರಚನೆ ಅನ್ವಯಿಸುತ್ತದೆ.

ಇತಿಹಾಸ

ಈ ಕಣಿವೆ ಕರಾವಳಿಯ ಬಂದರುಗಳನ್ನು ಘಟ್ಟದ ಮೇಲಿನ ರಾಜ್ಯಗಳಿಗೆ ಜೋಡಿಸಿದ್ದ ಹಳೆಯ ವ್ಯಾಪಾರ ಮಾರ್ಗವಾಗಿತ್ತು. ಗೇರುಸೊಪ್ಪದಿಂದ 1552ರಿಂದ 1606ರವರೆಗೆ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು. ಘಟ್ಟದ ಮೆಣಸು ನದಿಯ ಮೂಲಕ ಹೊನ್ನಾವರದ ಬಂದರಿಗೆ ಇಳಿಯುತ್ತಿತ್ತು. ಆಕೆಯ ನಂತರ ಈ ಪ್ರದೇಶ ಕೆಳದಿಯ ನಾಯಕರ ವಶವಾಯಿತು. 1623ರಲ್ಲಿ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ, ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರದಿಂದ ಗೇರುಸೊಪ್ಪದವರೆಗೆ ದೋಣಿಯಲ್ಲಿ ಬಂದು, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಯನ್ನು ತಲುಪಿದನು. ದೋಣಿ ನಿಲ್ಲುತ್ತಿದ್ದ ಗೇರುಸೊಪ್ಪವೇ ಇಂದಿಗೂ ಸಮತಟ್ಟಾದ ರಸ್ತೆ ಮುಗಿದು ಏರು ಆರಂಭವಾಗುವ ಸ್ಥಳವಾಗಿದೆ.

ಹೊನ್ನಾವರ–ಜೋಗ ರಸ್ತೆಯು ಹಿಂದೆ ತುಮಕೂರು–ಹೊನ್ನಾವರ ರಾಷ್ಟ್ರೀಯ ಹೆದ್ದಾರಿ 206ರ ಭಾಗವಾಗಿತ್ತು. ಹೆದ್ದಾರಿಗಳ ಮರುಸಂಖ್ಯೆಯ ನಂತರ ಇದು ರಾಷ್ಟ್ರೀಯ ಹೆದ್ದಾರಿ 69 ಆಗಿದೆ. ಕರಾವಳಿಯ ಹಳೆಯ ಹೆದ್ದಾರಿ 17 ಈಗ 66 ಎಂಬ ಸಂಖ್ಯೆಯನ್ನು ಹೊಂದಿದೆ. ಹಳೆಯ ನಕ್ಷೆಗಳಲ್ಲಿ ಮತ್ತು ಸ್ಥಳೀಯರ ಮಾತಿನಲ್ಲಿ ಹಿಂದಿನ ಸಂಖ್ಯೆಗಳು ಇನ್ನೂ ಬಳಕೆಯಲ್ಲಿವೆ.

ಪ್ರಮುಖ ಮಾರ್ಗಗಳು

ಹೊನ್ನಾವರ–ಗೇರುಸೊಪ್ಪ–ಜೋಗ

ಈ ಮಾರ್ಗದ ಉದ್ದ ಸುಮಾರು 60 ಕಿ.ಮೀ. ಮೊದಲ 30 ಕಿ.ಮೀ.ಗಳಷ್ಟು ದೂರ ರಸ್ತೆಯು ನದಿಯ ಉತ್ತರದ ಕಡೆಯಲ್ಲಿ ಕವಲಕ್ಕಿ, ಹಡಿನಬಾಳ, ಉಪ್ಪೋಣಿ ಮೊದಲಾದ ಊರುಗಳ ಮೂಲಕ ಅಡಿಕೆ ಮತ್ತು ತೆಂಗಿನ ತೋಟಗಳ ನಡುವೆ ಸಾಗುತ್ತದೆ. ಗೇರುಸೊಪ್ಪದಲ್ಲಿ ವಿದ್ಯುತ್ ಯೋಜನೆಯ ಅಣೆಕಟ್ಟು ಇದೆ. ನದಿಯ ಇನ್ನೊಂದು ದಡದ ನಗರಬಸ್ತಿಕೇರಿಯಲ್ಲಿ ಕಲ್ಲಿನ ಚತುರ್ಮುಖ ಬಸದಿಯಿದೆ.

ಗೇರುಸೊಪ್ಪದ ನಂತರ ಮಲೆಮನೆ ಘಟ್ಟ ಆರಂಭವಾಗುತ್ತದೆ. ಇಲ್ಲಿ ರಸ್ತೆ ಕಿರಿದಾಗಿ, ತಿರುವುಗಳು ಹೆಚ್ಚಾಗಿ, ಕಾಡು ದಟ್ಟವಾಗುತ್ತದೆ. ದಾರಿಯಲ್ಲಿ ಕೆಳಗಿನ ಶರಾವತಿ ಕಣಿವೆ ಕಾಣುವ ವೀಕ್ಷಣಾ ಸ್ಥಳವಿದೆ. ಘಟ್ಟದ ಮೇಲ್ಭಾಗದ ಕತ್ತಲೆಕಾನು, ಜೌಗು ನೆಲದಲ್ಲಿ ಬೆಳೆಯುವ ಕಾಡು ಜಾಯಿಕಾಯಿ ಜಾತಿಯ ಮರಗಳಿಗೆ ಹೆಸರಾದ ಕಾಡು. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಅಪರೂಪದ ಮರಕ್ಕೆ ಆ ಹೆಸರು ಬಂದುದು ಇದೇ ಸ್ಥಳದಿಂದ. ಮಾವಿನಗುಂಡಿಯಲ್ಲಿ ಏರು ಮುಗಿಯುತ್ತದೆ. ಅಲ್ಲಿಂದ ಒಂದು ರಸ್ತೆ ಸಿದ್ದಾಪುರಕ್ಕೂ ಇನ್ನೊಂದು ಜೋಗದ ಕಡೆಗೂ ಹೋಗುತ್ತದೆ.

ಏರುವುದು ಕಷ್ಟವೆನಿಸುವವರು ಶಿವಮೊಗ್ಗದ ಕಡೆಯಿಂದ ರೈಲಿನಲ್ಲಿ ತಾಳಗುಪ್ಪದವರೆಗೆ ಬಂದು, ಜೋಗವನ್ನು ನೋಡಿಕೊಂಡು ಹೊನ್ನಾವರಕ್ಕೆ ಇಳಿಯಬಹುದು.

ಕುಮಟಾ–ಕತಗಾಲ–ದೇವಿಮನೆ–ಶಿರಸಿ

ಸುಮಾರು 60 ಕಿ.ಮೀ. ಉದ್ದದ ಈ ಮಾರ್ಗ ಅಘನಾಶಿನಿಯ ಜಲಾನಯನ ಪ್ರದೇಶಕ್ಕೆ ಸೇರಿದ್ದು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಕುಮಟಾದಿಂದ ದೀವಗಿಯವರೆಗೆ ಕರಾವಳಿ ಹೆದ್ದಾರಿಯಲ್ಲಿ ಹೋಗಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 766ಇ ಹಿಡಿಯಬೇಕು. ಕತಗಾಲದವರೆಗೆ ದಾರಿ ಸಮತಟ್ಟಾಗಿದ್ದು, ನಂತರ ದೇವಿಮನೆ ಘಟ್ಟ ಬರುತ್ತದೆ. ಎರಡು ಬೃಹತ್ ಶಿಲಾ ಶಿಖರಗಳಿರುವ ಯಾಣಕ್ಕೆ ಈ ಹೆದ್ದಾರಿಯಿಂದ ಕವಲೊಡೆಯುವ ರಸ್ತೆಯಲ್ಲಿ ಹೋಗಬಹುದು. ಈ ರಸ್ತೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಅಗಲೀಕರಣ ಕಾಮಗಾರಿ ನಡೆದಿದ್ದು, ಆಗಾಗ ಸಂಚಾರ ನಿರ್ಬಂಧಗಳೂ ಜಾರಿಯಾಗಿವೆ. ಮಳೆಗಾಲದಲ್ಲಿ ಚಂಡಿಕಾ ಹೊಳೆ ಉಕ್ಕಿದಾಗ ಕತಗಾಲದ ಬಳಿ ರಸ್ತೆ ಮುಳುಗುವುದುಂಟು.

ಘಟ್ಟ ಏರಲು ಇಚ್ಛಿಸದವರಿಗೆ ಕುಮಟಾ–ದೀವಗಿ–ಮಿರ್ಜಾನ ಸವಾರಿ ಸೂಕ್ತ. ಮಿರ್ಜಾನಿನ ಕೋಟೆ ಹೆದ್ದಾರಿಗೆ ಸಮೀಪದಲ್ಲಿದೆ. ಅಘನಾಶಿನಿಯ ಅಳಿವೆಯ ಸುತ್ತ ಉಪ್ಪುನೀರಿನಲ್ಲಿಯೂ ಬೆಳೆಯುವ ಕಗ್ಗ ಭತ್ತದ ಗಜನಿ ಭೂಮಿ, ಕಾಂಡ್ಲಾ ಗಿಡಗಳು ಮತ್ತು ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ತಾಣವೆಂದು ಘೋಷಿಸಲಾಯಿತು.

ಭಟ್ಕಳ–ಹಾಡುವಳ್ಳಿ–ಕೋಗಾರು ಘಟ್ಟ

ಭಟ್ಕಳದಿಂದ ಒಳನಾಡಿಗೆ ಹೋಗುವ ಈ ರಸ್ತೆ ಮೂರು ಮಾರ್ಗಗಳಲ್ಲಿ ವಾಹನ ಸಂಚಾರ ಕಡಿಮೆಯಿರುವಂಥದು. ಹಿಂದೆ ಸಂಗೀತಪುರವೆಂದು ಹೆಸರಾಗಿದ್ದ ಜೈನ ಕೇಂದ್ರ ಹಾಡುವಳ್ಳಿಯನ್ನು ದಾಟಿದ ನಂತರ ಕೋಗಾರು ಘಟ್ಟ ಆರಂಭವಾಗುತ್ತದೆ. ಮೇಲೆ ಸಾಗರ ತಾಲ್ಲೂಕಿನ ಕಾಡುಗಳ ಮೂಲಕ ರಸ್ತೆ ಕಾರ್ಗಲ್ ಮತ್ತು ಜೋಗದ ಕಡೆಗೆ ಸಾಗುತ್ತದೆ. ಘಟ್ಟದ ಭಾಗದಲ್ಲಿ ಅಂಗಡಿ, ದುರಸ್ತಿಯ ಅನುಕೂಲ ಮತ್ತು ಮೊಬೈಲ್ ಸಂಪರ್ಕ ವಿರಳವಾದುದರಿಂದ ನೀರು, ಆಹಾರ, ಹೆಚ್ಚುವರಿ ಟ್ಯೂಬು ಮತ್ತು ಪಂಪನ್ನು ಜೊತೆಯಲ್ಲಿ ಒಯ್ಯುವುದು ಅಗತ್ಯ.

ಕರಾವಳಿಯ ಸಂಪರ್ಕ ಮಾರ್ಗ

ಮೂರು ಪಟ್ಟಣಗಳನ್ನು ರಾಷ್ಟ್ರೀಯ ಹೆದ್ದಾರಿ 66 ಜೋಡಿಸುತ್ತದೆ. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು 40 ಕಿ.ಮೀ., ಅಲ್ಲಿಂದ ಕುಮಟಾಕ್ಕೆ ಸುಮಾರು 20 ಕಿ.ಮೀ. ಅಂತರವಿದೆ. ಈ ದಾರಿಯಲ್ಲಿ ಶಿರಾಲಿ, ಮುರ್ಡೇಶ್ವರದ ತಿರುವು, ಮಂಕಿ, ಇಡಗುಂಜಿಯ ತಿರುವು, ಕಾಸರಕೋಡ, ಕರ್ಕಿ, ಹಳದೀಪುರ ಮತ್ತು ಧಾರೇಶ್ವರ ಸಿಗುತ್ತವೆ. ಕಾಸರಕೋಡ ಕಡಲತೀರಕ್ಕೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ ದೊರೆಯಿತು. ಹೊನ್ನಾವರದ ಬಳಿ ಹೆದ್ದಾರಿಯ ಸೇತುವೆಯಿಂದ ಶರಾವತಿಯ ವಿಶಾಲವಾದ ಅಳಿವೆ ಕಾಣುತ್ತದೆ. ಇಲ್ಲಿನ ಕೊಂಕಣ ರೈಲ್ವೆಯ ಸೇತುವೆ ಎರಡು ಕಿ.ಮೀ.ಗಳಿಗಿಂತ ಉದ್ದವಾಗಿದ್ದು, ಆ ಮಾರ್ಗದ ಅತಿ ಉದ್ದದ ಸೇತುವೆಯಾಗಿದೆ.

ಭಟ್ಕಳದಿಂದ ಹೊನ್ನಾವರದ ಮೂಲಕ ಜೋಗಕ್ಕೆ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಒಟ್ಟು ದೂರ ಸುಮಾರು 200 ಕಿ.ಮೀ. ಆಗುತ್ತದೆ. ಬ್ರೆವೆ ಎಂದು ಕರೆಯಲಾಗುವ ದೂರದ ಸವಾರಿಗಳಲ್ಲಿ ಇಷ್ಟೇ ದೂರಕ್ಕೆ 13 ಗಂಟೆ 30 ನಿಮಿಷಗಳ ಕಾಲಮಿತಿ ಇರುತ್ತದೆ. ಘಟ್ಟವಿರುವ ಈ ದಾರಿಯಲ್ಲಿ ಹೊಸಬರು ಅದನ್ನು ಎರಡು ದಿನಗಳಿಗೆ ಹಂಚಿಕೊಳ್ಳುವುದು ಒಳಿತು.

ಹವಾಮಾನ ಮತ್ತು ಋತು

ಈ ಭಾಗದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಜೋಗ ತುಂಬಿ ಹರಿಯುವುದು ಇದೇ ಅವಧಿಯಲ್ಲಾದರೂ, ಸವಾರಿಗೆ ಅತ್ಯಂತ ಅಪಾಯದ ಕಾಲವೂ ಇದೇ. ನೆರೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಮೃತಪಟ್ಟರು. ಕಡಿದಾದ ಗುಡ್ಡದ ಬದಿಯಲ್ಲಿ ಮಳೆಯಲ್ಲಿ ನಿಂತು ವಿಶ್ರಮಿಸುವುದನ್ನು ತಪ್ಪಿಸಬೇಕು.

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಸವಾರಿಗೆ ಅನುಕೂಲ. ಮಾರ್ಚ್ ನಂತರ ಕರಾವಳಿಯ ಸೆಕೆ ತೀವ್ರವಾಗುವುದರಿಂದ ಬೆಳಗಿನ ಜಾವದಲ್ಲಿಯೇ ಹೊರಟು, ಬಿಸಿಲೇರುವ ಮೊದಲು ಘಟ್ಟದ ನೆರಳನ್ನು ಸೇರುವುದು ವಾಡಿಕೆ. ಮಧ್ಯಾಹ್ನ ಸಮುದ್ರದಿಂದ ಬೀಸುವ ಗಾಳಿ ಒಳನಾಡಿಗೆ ಹೋಗುವವರಿಗೆ ಬೆನ್ನಗಾಳಿಯಾಗಿಯೂ, ಕರಾವಳಿಗೆ ಮರಳುವವರಿಗೆ ಎದುರುಗಾಳಿಯಾಗಿಯೂ ಪರಿಣಮಿಸುತ್ತದೆ. ದಾರಿಯಲ್ಲಿ ಎಳನೀರು ಮತ್ತು ಬೇಸಿಗೆಯಲ್ಲಿ ಮುರುಗಲ ಪಾನಕ ದೊರೆಯುತ್ತವೆ.

ಸುರಕ್ಷತೆ

ಘಟ್ಟ ಏರುವಾಗ ವೇಗ ಕಡಿಮೆಯಿರುವುದರಿಂದ ಸವಾರನು ಹಿಂದಿನಿಂದ ಬರುವ ಲಾರಿಗಳಿಗೆ ದೂರದಿಂದಲೇ ಕಾಣಿಸಬೇಕು. ದಟ್ಟ ನೆರಳಿನ ಕಾಡಿನಲ್ಲಿ ಹಗಲಿನಲ್ಲಿಯೂ ಹಿಂದಿನ ಕೆಂಪು ದೀಪವನ್ನು ಉರಿಸುವುದು ಉಪಯುಕ್ತ. ಇಳಿಯುವಾಗ ಬ್ರೇಕನ್ನು ಸತತವಾಗಿ ಒತ್ತಿ ಹಿಡಿದರೆ ಚಕ್ರದ ಅಂಚು ಕಾದು ಟ್ಯೂಬು ಒಡೆಯುವ ಸಾಧ್ಯತೆಯಿದೆ. ಆದುದರಿಂದ ತಿರುವಿಗೆ ಮೊದಲೇ ವೇಗ ತಗ್ಗಿಸಿ, ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತಬೇಕು. ತಿರುವುಗಳಲ್ಲಿ ಉದ್ದದ ವಾಹನಗಳು ರಸ್ತೆಯ ಪೂರ್ಣ ಅಗಲವನ್ನು ಬಳಸುವುದರಿಂದ ಎಡಬದಿಯಲ್ಲಿಯೇ ಇರುವುದು ಕ್ಷೇಮ.

ಕರಾವಳಿ ಹೆದ್ದಾರಿಯ ಚತುಷ್ಪಥದಲ್ಲಿ ಸೈಕಲ್‌ಗೆ ಪ್ರತ್ಯೇಕ ಪಥವಿಲ್ಲ. ಸೇವಾ ರಸ್ತೆಗಳು ಎಲ್ಲೆಡೆ ನಿರಂತರವಾಗಿಲ್ಲ. ಇದು ಪ್ರವಾಸಿ ಸವಾರರ ಸಮಸ್ಯೆ ಮಾತ್ರವಲ್ಲ. 2006–07ರಲ್ಲಿ ಆರಂಭವಾದ ರಾಜ್ಯ ಸರ್ಕಾರದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ನೀಡಲಾಯಿತು. ಹೆದ್ದಾರಿಯ ಬದಿಯ ಊರುಗಳಲ್ಲಿ ಸೈಕಲ್ ಏರಿ ಶಾಲೆಗೆ ಹೋಗುವ ಮಕ್ಕಳು ದಾಟಬೇಕಾದುದೂ ಇದೇ ರಸ್ತೆಯನ್ನು.

ಪರಿಸರ ಮತ್ತು ಸಂರಕ್ಷಣೆ

ಶರಾವತಿ ಕಣಿವೆ ಅಭಯಾರಣ್ಯವನ್ನು 1972ರಲ್ಲಿ ಘೋಷಿಸಲಾಯಿತು. 2019ರಲ್ಲಿ ಅದರೊಡನೆ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಮತ್ತಿತರ ಕಾಡುಗಳನ್ನು ಸೇರಿಸಿ, 930 ಚ.ಕಿ.ಮೀ. ವಿಸ್ತೀರ್ಣದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರೂಪಿಸಲಾಯಿತು. ಅಳಿವಿನಂಚಿನಲ್ಲಿರುವ ಸಿಂಗಳೀಕಗಳ ಸಂತತಿಗಳಲ್ಲಿ ಇಲ್ಲಿನದು ಅತ್ಯಂತ ಉತ್ತರದ್ದು. ಸಿಂಗಳೀಕವು ಬಹುತೇಕ ಮರಗಳ ಮೇಲೆಯೇ ಬದುಕುವ ಪ್ರಾಣಿ. ರಸ್ತೆಯ ಎರಡು ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಿದ್ದರೆ ಅದು ನೆಲಕ್ಕಿಳಿಯದೆ ದಾಟಬಲ್ಲದು. ಮರಗಳನ್ನು ಕಡಿದು ರಸ್ತೆ ಅಗಲವಾದಂತೆ ಈ ಮೇಲಿನ ದಾರಿ ಕಡಿಯುತ್ತದೆ. ಸವಾರನಿಗೆ ನೆರಳು ನೀಡುವ ಕೊಂಬೆಗಳೇ ಸಿಂಗಳೀಕಕ್ಕೆ ಸೇತುವೆಯಾಗಿವೆ. ಆದ್ದರಿಂದ ಘಟ್ಟದ ರಸ್ತೆಯ ಅಗಲೀಕರಣದ ಪ್ರಶ್ನೆ ಸಂಚಾರದ ಅನುಕೂಲಕ್ಕೆ ಮಾತ್ರ ಸೀಮಿತವಾಗಿಲ್ಲ.

ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಕರ್ನಾಟಕ ವಿದ್ಯುತ್ ನಿಗಮವು ಯೋಜಿಸಿರುವ 2,000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯೂ ಇದೇ ಕಣಿವೆಗೆ ಸಂಬಂಧಿಸಿದೆ. ವಿದ್ಯುತ್ ಬೇಡಿಕೆ ಕಡಿಮೆಯಿರುವಾಗ ನೀರನ್ನು ಮೇಲಕ್ಕೆತ್ತಿ, ಹೆಚ್ಚಿರುವಾಗ ಕೆಳಗೆ ಹರಿಸಿ ವಿದ್ಯುತ್ ಉತ್ಪಾದಿಸುವುದು ಇದರ ಉದ್ದೇಶ. ಸುರಂಗ ಮತ್ತು ರಸ್ತೆಗಳ ನಿರ್ಮಾಣದಿಂದ ಕಾಡಿಗೆ ಹಾನಿಯಾಗುವುದೆಂದು ಪರಿಸರವಾದಿಗಳೂ ಸ್ಥಳೀಯರೂ ಇದನ್ನು ವಿರೋಧಿಸಿದ್ದಾರೆ.

ಅಭಯಾರಣ್ಯದ ಪ್ರದೇಶದಲ್ಲಿ ಸವಾರರು ಕೋತಿ ಹಾಗೂ ಸಿಂಗಳೀಕಗಳಿಗೆ ತಿಂಡಿ ಹಾಕಬಾರದು. ತಿಂಡಿಯ ಆಸೆಗೆ ರಸ್ತೆಗಿಳಿಯುವ ಪ್ರಾಣಿಗಳು ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಪ್ಲಾಸ್ಟಿಕ್ ಪೊಟ್ಟಣಗಳನ್ನು ಮರಳಿ ತರಬೇಕು. ಮುಖ್ಯ ರಸ್ತೆಯನ್ನು ಬಿಟ್ಟು ಕಾಡಿನ ಒಳದಾರಿಗಳಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಅಗತ್ಯ.

ಸಂಪರ್ಕ

ಕೊಂಕಣ ರೈಲ್ವೆಯ ಭಟ್ಕಳ, ಮುರ್ಡೇಶ್ವರ, ಹೊನ್ನಾವರ ಮತ್ತು ಕುಮಟಾ ನಿಲ್ದಾಣಗಳು ಈ ಮಾರ್ಗಗಳ ಕೆಳತುದಿಗೆ ಹತ್ತಿರದಲ್ಲಿವೆ. ಸೈಕಲನ್ನು ರೈಲಿನ ಸರಕು ಬೋಗಿಯಲ್ಲಿ ಕಳುಹಿಸಬಹುದಾದರೂ, ಚಿಕ್ಕ ನಿಲ್ದಾಣಗಳಲ್ಲಿ ರೈಲು ನಿಲ್ಲುವ ಸಮಯ ಕಡಿಮೆಯಿರುವುದರಿಂದ ಮುಂಚಿತವಾಗಿ ವಿಚಾರಿಸುವುದು ಸೂಕ್ತ. ಮೇಲ್ತುದಿಗೆ ತಾಳಗುಪ್ಪ ರೈಲು ನಿಲ್ದಾಣ ಸಮೀಪವಾಗಿದೆ. ಮೂರೂ ಪಟ್ಟಣಗಳಲ್ಲಿ ಹಾಗೂ ಮುರ್ಡೇಶ್ವರ, ಜೋಗ ಮತ್ತು ಶಿರಸಿಯಲ್ಲಿ ವಸತಿ ದೊರೆಯುತ್ತದೆ.