‘ಕೆಟ್ಟ ರಕ್ತ’ ಅಂದರೆ ಏನು ಅಂತ ಯಾರೂ ಹೇಳಲಿಲ್ಲ

1932ರಲ್ಲಿ ಅಮೆರಿಕದ ಟಸ್ಕೆಗೀಯಲ್ಲಿ ಸರ್ಕಾರಿ ಡಾಕ್ಟರುಗಳು ಸುಮಾರು 600 ಬಡ ಕಪ್ಪು ಗಂಡಸರನ್ನ ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. 399 ಮಂದಿಗೆ ಸಿಫಿಲಿಸ್ ಇತ್ತು. ಅವರಿಗೆ ಹೇಳಿದ್ದು ಮಾತ್ರ ‘ಕೆಟ್ಟ ರಕ್ತ’ ಅಂತ. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ರೋಗ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತರು, 1972ರಲ್ಲಿ ಪತ್ರಿಕೆಗಳು ಬಯಲು ಮಾಡೋ ತನಕ.

ಅದೇ 1972ರಲ್ಲಿ, ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಸ್ಫೂರ್ತಿ ಪಡೆದು ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಹಾಗಾಗಿ ಅವರ ಗಾಯ ನಮಗೆ ದೂರದ್ದಲ್ಲ.

ಇಲ್ಲಿ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಚಿಕಿತ್ಸೆ, ಅಪಾಯ, ಬೇರೆ ದಾರಿ ಇವನ್ನ ತಿಳಿಸಿಯೇ ಒಪ್ಪಿಗೆ ಪಡೀಬೇಕು. ಹೆಬ್ಬೆಟ್ಟು ಒತ್ತೋ ಮೊದಲು ಕೇಳಿ: ‘ಡಾಕ್ಟ್ರೇ, ನನಗೆ ಅರ್ಥ ಆಗೋ ಹಾಗೆ ಹೇಳಿ.’ ಕೇಳೋಕೆ ಹೆದರೋರ ಪಕ್ಕ ನಾವು ನಿಲ್ಲೋಣ. ಜೈ ಭೀಮ್.