ಕ್ವಾಂಟಮ್ ಸಂಭವನೀಯತೆ: ಕೆ. ಆರ್. ಪಾರ್ಥಸಾರಥಿಯವರ ಸಂಶೋಧನಾ ಪಥ

ಆಧುನಿಕ ಸಂಭವನೀಯತಾ ಸಿದ್ಧಾಂತಕ್ಕೆ ಆಂದ್ರೆ ಕೊಲ್ಮೊಗೊರೊವ್ ಅವರು 1933ರಲ್ಲಿ ಭದ್ರವಾದ ತಳಹದಿಯನ್ನು ಒದಗಿಸಿದರು. ಆದರೆ ಅದಕ್ಕೂ ಮುನ್ನ ರೂಪುಗೊಂಡಿದ್ದ ಕ್ವಾಂಟಮ್ ಬಲವಿಜ್ಞಾನದ ಸಂಭವನೀಯತೆ ಆ ಚೌಕಟ್ಟಿನೊಳಗೆ ಅಡಗುವಂಥದ್ದಾಗಿರಲಿಲ್ಲ. ಅಲ್ಲಿ ಎರಡು ಪರಿಮಾಣಗಳ ಗುಣಲಬ್ಧವು ಅವುಗಳ ಕ್ರಮವನ್ನು ಅವಲಂಬಿಸಿರುತ್ತದೆ. ಈ ಎರಡು ಧಾರೆಗಳನ್ನು ಒಂದೇ ಕಲನಶಾಸ್ತ್ರದಲ್ಲಿ ಬೆಸೆದವರಲ್ಲಿ ಕೆ. ಆರ್. ಪಾರ್ಥಸಾರಥಿಯವರು (1936–2023) ಅಗ್ರಗಣ್ಯರು.

ಮದರಾಸಿನಲ್ಲಿ ಜನಿಸಿದ ಪಾರ್ಥಸಾರಥಿಯವರು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಸಿ. ಆರ್. ರಾವ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ವರದರಾಜನ್, ರಂಗರಾವ್, ವರಧನ್ ಅಲ್ಲಿ ಅವರ ಸಹವರ್ತಿಗಳಾಗಿದ್ದರು. 1962–63ರಲ್ಲಿ ಮಾಸ್ಕೋದ ಸ್ತೆಕ್ಲೊವ್ ಸಂಸ್ಥೆಯಲ್ಲಿದ್ದಾಗ ಕೊಲ್ಮೊಗೊರೊವ್ ಅವರ ಒಡನಾಟ ದೊರೆಯಿತು. ಮೆಟ್ರಿಕ್ ಅವಕಾಶಗಳ ಮೇಲಿನ ಸಂಭವನೀಯತಾ ಮಾಪಗಳನ್ನು ಕುರಿತು 1967ರಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಆಕರವಾಗಿದೆ. ಇಂಗ್ಲೆಂಡಿನಲ್ಲಿ ಕೆಲಕಾಲ ಅಧ್ಯಾಪನ ನಡೆಸಿ ಸ್ವದೇಶಕ್ಕೆ ಮರಳಿದ ಅವರು 1976ರಿಂದ ಸಂಖ್ಯಾಶಾಸ್ತ್ರ ಸಂಸ್ಥೆಯ ದೆಹಲಿ ಕೇಂದ್ರದಲ್ಲಿ ನೆಲೆಸಿದರು.

ಅವರ ಮುಂದಿದ್ದ ಪ್ರಶ್ನೆಯ ಬೇರು ಸಾಂಖ್ಯಿಕ ಬಲವಿಜ್ಞಾನದಲ್ಲಿತ್ತು. ಶಾಖದ ಆಗರವೊಂದರ ಸಂಪರ್ಕದಲ್ಲಿರುವ ಸಣ್ಣ ಕ್ವಾಂಟಮ್ ವ್ಯವಸ್ಥೆಯು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಈ ಕ್ಷಯವನ್ನು ಬರಿಯ ಘರ್ಷಣೆಯೆಂದು ಸಮೀಕರಣದಲ್ಲಿ ಬರೆದರೆ ಹೈಸೆನ್‌ಬರ್ಗರ ಮೂಲ ಸಂಬಂಧವೇ ಕಾಲಕ್ರಮದಲ್ಲಿ ನಶಿಸಿ ಅನಿಶ್ಚಿತತಾ ತತ್ತ್ವ ಉಳಿಯದು. ಆ ಸಂಬಂಧ ಉಳಿಯಬೇಕಾದರೆ ಘರ್ಷಣೆಯೊಡನೆ ಯಾದೃಚ್ಛಿಕ ಕ್ಷೋಭೆಯೂ ಇರಲೇಬೇಕು. ಅಂದರೆ ಇಲ್ಲಿ ಕ್ಷೋಭೆಯೆಂಬುದು ಕೇವಲ ನಮ್ಮ ಅಜ್ಞಾನದ ಹೆಸರಲ್ಲ; ಸಿದ್ಧಾಂತದ ಸುಸಂಗತಿಗೆ ಅದು ಅಗತ್ಯ. ಇಂತಹ ವ್ಯವಸ್ಥೆಗಳ ಸರಾಸರಿ ವಿಕಾಸದ ಸಾಮಾನ್ಯ ರೂಪವನ್ನು 1976ರಲ್ಲಿ ಗೋರಿನಿ, ಕೊಸಕೋವ್‌ಸ್ಕಿ ಮತ್ತು ಇ. ಸಿ. ಜಿ. ಸುದರ್ಶನ್ ಒಂದೆಡೆ, ಲಿಂಡ್‌ಬ್ಲಾಡ್ ಇನ್ನೊಂದೆಡೆ ನಿರೂಪಿಸಿದ್ದರು. ಆ ಸರಾಸರಿಯ ಹಿಂದಿರುವ ಕ್ಷೋಭೆಯ ಗಣಿತ ಇನ್ನೂ ಸಿದ್ಧವಾಗಬೇಕಿತ್ತು.

ರಾಬಿನ್ ಹಡ್ಸನ್ ಅವರೊಡನೆ ಪಾರ್ಥಸಾರಥಿಯವರು 1984ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕೊರತೆಯನ್ನು ನೀಗಿತು. ಸತ್ಯೇಂದ್ರನಾಥ ಬೋಸರ 1924ರ ಸಂಖ್ಯಾನವನ್ನು ಪಾಲಿಸುವ ಕಣಗಳ ಗಣಿತೀಯ ನೆಲೆಯಾದ ಫಾಕ್ ಅವಕಾಶವನ್ನೇ ಅವರು ಕ್ಷೋಭೆಯ ಆಗರವಾಗಿ ಸ್ವೀಕರಿಸಿದರು. ಜಪಾನಿನ ಇಟೊ ಅವರ ಕಲನಶಾಸ್ತ್ರದಲ್ಲಿ ಬ್ರೌನಿಯನ್ ಚಲನೆಯ ಅತ್ಯಲ್ಪ ಏರಿಕೆಯ ವರ್ಗವು ನಗಣ್ಯವಾಗದೆ ಕಾಲದ ಏರಿಕೆಗೆ ಸಮನಾಗುತ್ತದೆ. ಹೊಸ ಕಲನಶಾಸ್ತ್ರದಲ್ಲಿ ಲಯ ಮತ್ತು ಸೃಷ್ಟಿ ಪ್ರಕ್ರಿಯೆಗಳ ಏರಿಕೆಗಳನ್ನು ಆ ಕ್ರಮದಲ್ಲಿ ಗುಣಿಸಿದರೆ ಕಾಲದ ಏರಿಕೆ ದೊರೆಯುತ್ತದೆ. ಕ್ರಮವನ್ನು ತಿರುಗಿಸಿದರೆ ಶೂನ್ಯ. ಹೀಗೆ ಇಟೊ ಅವರ ನಿಯಮ ಮತ್ತು ಹೈಸೆನ್‌ಬರ್ಗರ ಸಂಬಂಧ ಒಂದೇ ಸೂತ್ರದ ಎರಡು ಮುಖಗಳೆಂಬುದು ಪ್ರಕಟವಾಯಿತು. ಸೃಷ್ಟಿ ಮತ್ತು ಲಯಗಳ ಮೊತ್ತ ಬ್ರೌನಿಯನ್ ಚಲನೆಯಾದರೆ, ಅದಕ್ಕೆ ಕಣಗಳನ್ನೆಣಿಸುವ ಪ್ರಕ್ರಿಯೆಯನ್ನು ತಕ್ಕ ಪ್ರಮಾಣದಲ್ಲಿ ಸೇರಿಸಿದಾಗ ಪಾಸೋನ್ ಪ್ರಕ್ರಿಯೆ ಮೂಡುತ್ತದೆ. ಅಭಿಜಾತ ಸಿದ್ಧಾಂತದಲ್ಲಿ ಬೇರೆಬೇರೆಯಾಗಿದ್ದ ಇವೆರಡೂ ಒಂದೇ ನೆಲದ ಬೆಳೆಗಳಾದವು. ವ್ಯವಸ್ಥೆ ಮತ್ತು ಆಗರಗಳನ್ನು ಕೂಡಿಸಿ ನೋಡಿದಾಗ ವಿಕಾಸವು ಹಿಮ್ಮರಳಬಲ್ಲದು; ಆಗರವನ್ನು ಸರಾಸರಿಯಲ್ಲಿ ಕಳೆದಾಗ ಮಾತ್ರ ಹಿಮ್ಮರಳದ ಕ್ಷಯ ತೋರುತ್ತದೆ.

1992ರ ಅವರ ಗ್ರಂಥ ಈ ಶಾಸ್ತ್ರದ ಪ್ರವೇಶದ್ವಾರವಾಯಿತು. ಕ್ವಾಂಟಮ್ ದ್ಯುತಿವಿಜ್ಞಾನ ಹಾಗೂ ನಿಯಂತ್ರಣ ಸಿದ್ಧಾಂತಗಳಲ್ಲಿ ಈ ಸಮೀಕರಣಗಳು ಬಳಕೆಗೆ ಬಂದಿವೆ. ಅವರ ಶಿಷ್ಯ ಬಿ. ವಿ. ರಾಜಾರಾಮ ಭಟ್ ಅವರ ಮೂಲಕ ಈ ಪರಂಪರೆ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿಯೂ ಬೇರೂರಿತು. 1996ರಲ್ಲಿ ನಿವೃತ್ತರಾದ ಮೇಲೂ ಪಾರ್ಥಸಾರಥಿಯವರು ಕ್ವಾಂಟಮ್ ಮಾಹಿತಿ ಸಿದ್ಧಾಂತ ಮತ್ತು ಗಾಸಿಯನ್ ಸ್ಥಿತಿಗಳನ್ನು ಕುರಿತು ಬರೆಯುತ್ತಲೇ ಇದ್ದರು. ಆಕಸ್ಮಿಕವನ್ನು ನಿಯಮದ ಅಭಾವವೆಂದು ಬಗೆಯದೆ, ಅದರೊಳಗಿನ ನಿಯಮವನ್ನು ಬೀಜಗಣಿತದಲ್ಲಿ ಕಂಡರಿಸಿದ್ದು ಅವರ ಸಾಧನೆಯ ಸಾರವಾಗಿದೆ.